ಲಾಂಛನದ ಒಡೆಯರು ಯಾರು?

ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳಲ್ಲಿ ಮೂರು ತಲೆಮಾರಿನವರು ಕಾಲೇಜಿನ ಮೆಟ್ಟಿಲು ಹತ್ತಿದ ಮನೆತನಗಳುಂಟು. ಅಂಥ ಮನೆಯ ಪಡಸಾಲೆಯ ಗೋಡೆಯನ್ನು ವಾಚಕರು ಒಮ್ಮೆ ಸಾವಧಾನದಿಂದ ಅವಲೋಕಿಸಬೇಕು. ಕಟ್ಟು ಹಾಕಿಸಿ ತೂಗುಬಿಟ್ಟ ಪದವಿ ಪತ್ರಗಳಲ್ಲಿ ಅಜ್ಜನದರ ಮೇಲೆ ಮುಂಬಯಿ ವಿಶ್ವವಿದ್ಯಾಲಯದ ಮುದ್ರೆಯಿರುತ್ತದೆ. ಏಕೆಂದರೆ 1949ಕ್ಕಿಂತ ಮೊದಲು ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಓದಿದವರಿಗೂ ಪದವಿ ನೀಡುತ್ತಿದ್ದುದು ಆ ವಿಶ್ವವಿದ್ಯಾಲಯವೇ. ತಂದೆಯ ಪತ್ರದ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಲಾಂಛನ. ಮಗಳ ಪತ್ರದ ಮೇಲೆ 2010ರಲ್ಲಿ ಬೆಳಗಾವಿಯಲ್ಲಿ ಅಸ್ತಿತ್ವಕ್ಕೆ ಬಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಲಾಂಛನ. ಮಗನು ತಾಂತ್ರಿಕ ಶಿಕ್ಷಣ ಪಡೆದಿದ್ದರೆ, ಉದಾಹರಣೆಗೆ 1996ರಲ್ಲಿ ಆರಂಭವಾದ ನಿಡಸೋಸಿಯ ಹಿರಾಶುಗರ್ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಓದಿದ್ದರೆ, 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮುದ್ರೆ. ಮನೆ ಒಂದೇ, ಹೊಲ ಒಂದೇ, ಮನೆದೇವರೂ ಒಂದೇ. ಮುದ್ರೆಗಳು ಮಾತ್ರ ನಾಲ್ಕು.

ಈ ನಾಲ್ಕು ಮುದ್ರೆಗಳಲ್ಲಿ ಯಾವುದನ್ನು ಬರೆಯುವಾಗಲೂ ಈ ಮನೆಯವರನ್ನು ಯಾರೂ ವಿಚಾರಿಸಿದಂತೆ ಕಾಣುವುದಿಲ್ಲ. ವಿಚಾರಿಸಬೇಕಾಗಿತ್ತೆ ಎಂದು ಯಾರಾದರೂ ಕೇಳಬಹುದು. ಚಿತ್ರ ಬರೆಯುವುದು ಚಿತ್ರಕಾರನ ಕೆಲಸ, ಒಪ್ಪುವುದು ಆಡಳಿತ ಮಂಡಳಿಯ ಕೆಲಸ, ಅದರಲ್ಲಿ ಊರವರ ಪಾತ್ರವೇನು ಎಂಬುದು ಆ ಪ್ರಶ್ನೆಯ ಹಿಂದಿರುವ ಭಾವನೆ. ಇತ್ತೀಚಿನ ವರುಷಗಳಲ್ಲಿ ನಮ್ಮ ಭಾಗದ ಅನೇಕ ವಿದ್ಯಾಸಂಸ್ಥೆಗಳು ಬೆಳ್ಳಿಹಬ್ಬ, ಸುವರ್ಣ ಮಹೋತ್ಸವ, ಶತಮಾನೋತ್ಸವಗಳ ನಿಮಿತ್ತವಾಗಿ ತಮ್ಮ ಹಳೆಯ ಲಾಂಛನವನ್ನು ತಿದ್ದುವ, ಬದಲಿಸುವ ವಿಚಾರದಲ್ಲಿ ತೊಡಗುತ್ತಿರುವುದರಿಂದ ಈ ಪ್ರಶ್ನೆಗೆ ಇತಿಹಾಸವು ಏನು ಉತ್ತರ ಕೊಡುತ್ತದೆ ಎಂಬುದನ್ನು ನೋಡುವುದು ಅಪ್ರಸ್ತುತವಾಗಲಾರದು.

ಲಾಂಛನವೆಂಬುದು ಮೂಲತಃ ಅರಸರ ಸ್ವತ್ತು. ಬಾದಾಮಿಯ ಚಾಲುಕ್ಯರಿಗೆ ವರಾಹ ಲಾಂಛನ, ರಾಷ್ಟ್ರಕೂಟರಿಗೆ ಗರುಡ, ಕಲ್ಯಾಣದ ಕಳಚುರಿಗಳಿಗೆ ಸುವರ್ಣ ವೃಷಭಧ್ವಜ. ನಮ್ಮ ಈ ಬೆಳಗಾವಿ ಸೀಮೆಯನ್ನು ಆಳಿದ ಸೌಂದತ್ತಿಯ ರಟ್ಟರು ತಮ್ಮನ್ನು ಸಿಂಧೂರ ಲಾಂಛನರು, ಸುವರ್ಣ ಗರುಡಧ್ವಜರು ಎಂದು ಶಾಸನಗಳಲ್ಲಿ ಕರೆದುಕೊಂಡಿದ್ದಾರೆ. ಸಿಂಧೂರವೆಂದರೆ ಇಲ್ಲಿ ಆನೆ ಎಂದು ವಿದ್ವಾಂಸರು ಅರ್ಥೈಸುತ್ತಾರೆ. ಮುಂದೆ ವೇಣುಗ್ರಾಮವೆಂಬ ಬೆಳಗಾವಿಯನ್ನೇ ರಾಜಧಾನಿ ಮಾಡಿಕೊಂಡ ಈ ಮನೆತನವು ರಾಷ್ಟ್ರಕೂಟರ ಪೀಳಿಗೆಯದೆಂದು ಹೇಳಿಕೊಳ್ಳುತ್ತಿದ್ದುದರಿಂದಲೇ ಗರುಡಧ್ವಜವನ್ನು ಬಿಟ್ಟುಕೊಡಲಿಲ್ಲ. ಅಂದರೆ ಲಾಂಛನವು ಅಲಂಕಾರವಲ್ಲ. ನಾವು ಯಾರ ವಂಶದವರು, ಯಾವ ಹಕ್ಕಿನಿಂದ ಇಲ್ಲಿ ಕುಳಿತಿದ್ದೇವೆ ಎಂಬುದರ ಸಾರ್ವಜನಿಕ ಘೋಷಣೆ. ಅದನ್ನು ಅರಸನೇ ಆರಿಸಿಕೊಳ್ಳುತ್ತಿದ್ದನು. ಪ್ರಜೆಗಳು ನೋಡಿ ತಲೆಬಾಗುತ್ತಿದ್ದರು.

ಆದರೆ ಅದೇ ಕಾಲದ ಕಲ್ಲುಗಳನ್ನು ಕುರಿತು ಇನ್ನೊಂದು ಮಾತು ಹೇಳಬೇಕಾಗುತ್ತದೆ. ನಮ್ಮ ಹಳ್ಳಿಗಳ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಕೆಲವೆಡೆ ದನದ ಕೊಟ್ಟಿಗೆಯ ಗೋಡೆಯಲ್ಲಿಯೂ ನಿಂತಿರುವ ದಾನಶಾಸನಗಳ ನೆತ್ತಿಯ ಭಾಗವನ್ನು ವಾಚಕರು ನೋಡಿರಬಹುದು. ಮೇಲೆ ಸೂರ್ಯ ಚಂದ್ರರು. ನಡುವೆ ಶಿವಲಿಂಗ ಮತ್ತು ಪೂಜಿಸುವ ಯತಿ, ಅಥವಾ ಜೈನ ದಾನವಾದರೆ ಕುಳಿತ ಜಿನಬಿಂಬ. ಪಕ್ಕದಲ್ಲಿ ಕರುವಿಗೆ ಹಾಲೂಡುವ ಆಕಳು, ಒಮ್ಮೊಮ್ಮೆ ಒಂದು ಖಡ್ಗ. ಕೆಳಗಿನ ಹಳಗನ್ನಡದ ಸಾಲುಗಳನ್ನು ಓದಬಲ್ಲವರು ಆ ಊರಿನಲ್ಲಿ ಬೆರಳೆಣಿಕೆಯಷ್ಟು ಜನ ಇದ್ದಿರಬಹುದು. ಆದರೆ ಆ ಚಿತ್ರಗಳನ್ನು ಓದಲಾರದವನು ಒಬ್ಬನೂ ಇರಲಿಲ್ಲ. ಸೂರ್ಯ ಚಂದ್ರರಿರುವವರೆಗೆ ಈ ದಾನ ನಡೆಯತಕ್ಕದ್ದು, ಇದು ಇಂಥ ದೇವರ ಭೂಮಿ, ಇದನ್ನು ಅಪಹರಿಸುವುದು ಗೋಹತ್ಯೆಗೆ ಸಮ ಎಂಬಷ್ಟು ಅರ್ಥವನ್ನು ಒಕ್ಕಲಿಗನೂ ಕುರುಬನೂ ದೂರದಿಂದಲೇ ತಿಳಿಯುತ್ತಿದ್ದರು. ಅರಸನ ಲಾಂಛನ ಅರಸನೊಡನೆ ಅಳಿಯಿತು. ವರಾಹ ಮುದ್ರೆಯ ತಾಮ್ರಪಟ ಇಂದು ವಸ್ತುಸಂಗ್ರಹಾಲಯದಲ್ಲಿದೆ. ಸೂರ್ಯ ಚಂದ್ರರ ಗುರುತು ಮಾತ್ರ ಸಾವಿರ ವರುಷ ಒಂದೇ ಅರ್ಥದಲ್ಲಿ ನಿಂತಿತು. ಅದಕ್ಕೆ ಕಾರಣ ಸ್ಪಷ್ಟವಾಗಿದೆ. ಅದರ ಅರ್ಥವನ್ನು ಯಾವ ಆಸ್ಥಾನವೂ ಕಲಿಸಬೇಕಾಗಿರಲಿಲ್ಲ; ಜನರಲ್ಲಿ ಮೊದಲೇ ಇದ್ದ ಅರ್ಥವನ್ನು ಕಲ್ಲುಕುಟಿಗನು ಕಲ್ಲಿಗೆ ಇಳಿಸಿದ್ದನು.

ಅರಸರಲ್ಲದವರೂ ಲಾಂಛನವನ್ನು ಧರಿಸಿದ ಉದಾಹರಣೆಗಳು ನಮ್ಮಲ್ಲಿವೆ. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕ ಸಂಘವು ತನ್ನದೇ ಆದ ಗುಡ್ಡಧ್ವಜವನ್ನು ಹೊಂದಿತ್ತು. ನಾಡಿನಿಂದ ನಾಡಿಗೆ ಕತ್ತೆ, ಎತ್ತುಗಳ ಮೇಲೆ ಸರಕು ಹೇರಿ ನಡೆಯುತ್ತಿದ್ದ ಈ ಬಣಂಜಿಗರಿಗೆ ಆ ಧ್ವಜವು ರಹದಾರಿಯೂ ಆಗಿತ್ತು, ಮರ್ಯಾದೆಯೂ ಆಗಿತ್ತು. ಶರಣರ ಅಂಕಿತಗಳನ್ನು ಕೂಡ ಈ ದೃಷ್ಟಿಯಿಂದ ನೋಡಬಹುದೆಂದು ನನಗೆ ಅನಿಸುತ್ತದೆ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಹೆಸರು ಕಿವಿಗೆ ಬಿದ್ದೊಡನೆ ಮಾತು ಯಾರದೆಂದು ತಿಳಿಯುತ್ತದೆ. ಚೌಡಯ್ಯನಂತೂ ದೇವರ ಹೆಸರನ್ನೂ ಇಡದೆ ಅಂಬಿಗರ ಚೌಡಯ್ಯನೆಂಬ ತನ್ನ ಕಾಯಕದ ಹೆಸರನ್ನೇ ಅಂಕಿತವಾಗಿಸಿಕೊಂಡನು. ಮೇಲಿನವರು ಕೊಟ್ಟ ಬಿರುದನ್ನು ಹೊರುವುದಕ್ಕೂ ತನ್ನ ಗುರುತನ್ನು ತಾನೇ ಇಟ್ಟುಕೊಳ್ಳುವುದಕ್ಕೂ ಇರುವ ಅಂತರ ಇದರಿಂದ ವೇದ್ಯವಾಗುತ್ತದೆ.

ಆಧುನಿಕ ವಿದ್ಯಾಸಂಸ್ಥೆಗಳ ಕಾಲಕ್ಕೆ ಬಂದಾಗ ಈ ಎರಡೂ ಪರಂಪರೆಗಳು ನಮ್ಮ ನಾಡಿನಲ್ಲಿಯೇ ಎದುರು ಬದುರಾಗಿ ನಿಂತದ್ದನ್ನು ಕಾಣುತ್ತೇವೆ. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಪೋಷಣೆ, ದಿವಾನ ವಿಶ್ವೇಶ್ವರಯ್ಯನವರ ಛಲ ಎರಡೂ ಕೂಡಿ ಆದ ಕಾರ್ಯವದು. ಅದರ ಲಾಂಛನದಲ್ಲಿ ಅರಮನೆಯ ಗಂಡಭೇರುಂಡವೇ ರೆಕ್ಕೆ ಬಿಚ್ಚಿತು. ಜ್ಞಾನಕ್ಕೆ ಸಮಾನವಾದುದಿಲ್ಲವೆಂಬ ಅರ್ಥದ ಗೀತೆಯ ಸಂಸ್ಕೃತ ನುಡಿ ಅದರ ಧ್ಯೇಯವಾಕ್ಯವಾಯಿತು. ಅರಸರು ಕಟ್ಟಿದ ವಿದ್ಯಾಲಯಕ್ಕೆ ಅರಸರ ಗುರುತು. ಅದರಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ.

ಅದೇ 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಇನ್ನೊಂದು ಕಾರ್ಯ ನಡೆಯಿತು. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ ಮೊದಲಾದ ಏಳು ಜನ ತರುಣ ಶಿಕ್ಷಕರು ಒಂದು ಶಾಲೆಯನ್ನು ತೆರೆದು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಗೆ ಅಡಿಗಲ್ಲನ್ನಿಟ್ಟರು. ಜನ ಅವರನ್ನು ಸಪ್ತರ್ಷಿಗಳೆಂದು ಕರೆದರು. ಅವರ ಬೆನ್ನ ಹಿಂದೆ ಅರಮನೆ ಇರಲಿಲ್ಲ. ಇದ್ದವರು ಗಿಲಗಂಚಿ ಗುರುಸಿದ್ಧಪ್ಪನವರು, ಅರಟಾಳ ರುದ್ರಗೌಡರಂಥ ಹಿರಿಯರು, ಮತ್ತು ತನ್ನ ಆಸ್ತಿಯನ್ನು ವಿದ್ಯಾದಾನಕ್ಕೆ ಬರೆದಿಟ್ಟು ತೀರಿಕೊಂಡಿದ್ದ ಶಿರಸಂಗಿಯ ಲಿಂಗರಾಜ ದೇಸಾಯಿಯವರ ಸ್ಮರಣೆ. ಆ ಶಾಲೆ ಗಿಲಗಂಚಿ-ಅರಟಾಳ ಹೈಸ್ಕೂಲಾಯಿತು. 1933ರಲ್ಲಿ ಆರಂಭವಾದ ಕಾಲೇಜು ಲಿಂಗರಾಜ ಕಾಲೇಜಾಯಿತು. ಜಿ. ಎ. ಹೈಸ್ಕೂಲು ಎಂಬ ಎರಡಕ್ಷರವನ್ನು ಆಡುವಾಗ ಬೆಳಗಾವಿಯ ಸಾಮಾನ್ಯನೂ ಇಬ್ಬರು ದಾನಿಗಳ ಹೆಸರನ್ನು ತಿಳಿಯದೆಯೇ ಎತ್ತುತ್ತಾನೆ. ಚಿತ್ರವಿಲ್ಲದ ಲಾಂಛನವೆಂದರೆ ಇದೇ ಅಲ್ಲವೆ?

ಕರ್ನಾಟಕ ವಿಶ್ವವಿದ್ಯಾಲಯವು 1949ರಲ್ಲಿ ಮುಂಬಯಿ ಪ್ರಾಂತದ ಕಾಯದೆಯಿಂದ ಹುಟ್ಟಿತು. ಮರುವರುಷ ಧಾರವಾಡಕ್ಕೆ ಬಂದು ನೆಲೆಸಿತು. ಅದರ ಧ್ಯೇಯವಾಕ್ಯ ಅರಿವೇ ಗುರು ಎಂಬ ಎರಡು ಕನ್ನಡ ಪದಗಳು. ನಾಡು ಇನ್ನೂ ಹರಿದು ಹಂಚಿಹೋಗಿದ್ದ ಕಾಲದಲ್ಲಿ ಹುಟ್ಟಿದ ವಿಶ್ವವಿದ್ಯಾಲಯವೊಂದು, ಸಂಸ್ಕೃತ ಇಲ್ಲವೆ ಲ್ಯಾಟಿನ್ ನುಡಿಯೊಂದನ್ನು ಹಾಕಿಕೊಳ್ಳುವುದೇ ಘನತೆಯೆಂದು ಎಲ್ಲರೂ ಭಾವಿಸುತ್ತಿರುವಾಗ, ಶರಣರ ಬಾಯಲ್ಲಿ ಪಳಗಿದ ನುಡಿಯನ್ನು ಹಣೆಗೆ ಹಚ್ಚಿಕೊಂಡದ್ದು ಸಣ್ಣ ಸಂಗತಿಯಲ್ಲ. ಮುಂದೆ 1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಮಾತನ್ನು ಜ್ಯೋತಿರ್ಲಿಂಗಕ್ಕೆ ಹೋಲಿಸಿದ ಅಲ್ಲಮಪ್ರಭುವಿನ ನುಡಿಯನ್ನು ಆರಿಸಿಕೊಂಡಿತು. ದಾರಿ ಧಾರವಾಡ ಹಾಕಿದ್ದು. ಅಕ್ಷರ ಬಲ್ಲವನಿಗೆ ಅರಿವೇ ಗುರು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಕ್ಷರ ಬಾರದ ತಾಯಿಯೂ ಮಗ ಓದಿ ಹೇಳಿದರೆ ಸಾಕು, ಅದನ್ನು ತನ್ನ ಮಠದ ಪ್ರವಚನದಲ್ಲಿ ಕೇಳಿದ ಮಾತೆಂದು ಗುರುತಿಸುತ್ತಾಳೆ. ಸೂರ್ಯ ಚಂದ್ರರ ಕಲ್ಲಿನ ಗುಣವೇ ಇದು.

ಆ ವಿಶ್ವವಿದ್ಯಾಲಯವನ್ನು 1954ರಿಂದ 1967ರವರೆಗೆ ಕುಲಪತಿಗಳಾಗಿ ಬೆಳೆಸಿದವರು ನಮ್ಮ ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಜನಿಸಿದ ಡಾ. ಡಿ. ಸಿ. ಪಾವಟೆಯವರು. ಕೇಂಬ್ರಿಜ್‌ನಲ್ಲಿ ಗಣಿತದ ರ‍್ಯಾಂಗ್ಲರ್ ಎನಿಸಿ, ಮುಂದೆ ಪಂಜಾಬಿನ ರಾಜ್ಯಪಾಲರೂ ಆದ ಈ ಧೀಮಂತರ ಹೆಸರನ್ನು ಧಾರವಾಡದ ಆ ಗುಡ್ಡಕ್ಕೆ ಇಟ್ಟು ಪಾವಟೆ ನಗರವೆಂದು ಕರೆದರು. ಗೋಕಾಕ ಸೀಮೆಯ ಹುಡುಗನೊಬ್ಬ ಅಲ್ಲಿ ಬಸ್ಸಿನಿಂದ ಇಳಿದಾಗ ತನ್ನ ನೆರೆಯೂರಿನ ಹೆಸರೇ ಎದುರಾದಂತೆ ಅವನಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. 2010ರಲ್ಲಿ ನಮ್ಮ ಜಿಲ್ಲೆಯ ಪದವಿ ಕಾಲೇಜುಗಳು ಹೊಸ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದವು. ಆಡಳಿತದ ದೃಷ್ಟಿಯಿಂದ ಅದು ಯೋಗ್ಯವೇ. ಕಿತ್ತೂರಿನ ರಾಣಿಯ ಹೆಸರೂ ನಮಗೆ ಹೆಮ್ಮೆಯದೇ. ಆದರೂ ಅರಿವೇ ಗುರು ಎಂಬುದು ನಮ್ಮ ಮಕ್ಕಳ ಪತ್ರಗಳಿಂದ ಮರೆಯಾದದ್ದನ್ನು ಹಿರಿಯರು ಗಮನಿಸದೆ ಇರಲಿಲ್ಲ.

ಈಗ ಸ್ವಲ್ಪ ದೂರದ ದೇಶವನ್ನು ನೋಡೋಣ; ಏಕೆಂದರೆ ಜನರನ್ನು ಕೇಳಿ ಲಾಂಛನ ಬದಲಿಸುವ ಪದ್ಧತಿಯು ಇಂದಿನ ರೂಪದಲ್ಲಿ ಹೆಚ್ಚಾಗಿ ಬೆಳೆದುಬಂದದ್ದು ಅಲ್ಲಿ. ಅಮೇರಿಕದಲ್ಲಿ ಕಮ್ಯುನಿಟಿ ಕಾಲೇಜುಗಳೆಂಬ ಎರಡು ವರುಷದ ವಿದ್ಯಾಲಯಗಳಿವೆ. 1901ರಲ್ಲಿ ಶಿಕಾಗೋ ಬಳಿಯ ಜೋಲಿಯೆಟ್ ಎಂಬಲ್ಲಿ ಆರು ಜನ ವಿದ್ಯಾರ್ಥಿಗಳಿಂದ ಆರಂಭವಾದ ಕಾಲೇಜನ್ನು ಇವುಗಳ ಮೊದಲನೆಯದೆಂದು ಹೇಳುತ್ತಾರೆ. ಕ್ಯಾಲಿಫೋರ್ನಿಯಾ ರಾಜ್ಯವೊಂದರಲ್ಲಿಯೇ ಇಂಥವು ನೂರಕ್ಕೂ ಹೆಚ್ಚು ಇವೆ. ಅಲ್ಲಿ ಕೆಲವು ಊರುಗಳು ಕೂಡಿ ಒಂದು ಕಾಲೇಜು ಜಿಲ್ಲೆಯಾಗುತ್ತದೆ. ಆ ಜಿಲ್ಲೆಯವರೇ ತೆರಿಗೆಯ ಮೂಲಕ ಅದಕ್ಕೆ ಹಣ ಕೊಡುತ್ತಾರೆ, ಮತ ಹಾಕಿ ವಿಶ್ವಸ್ತ ಮಂಡಳಿಯನ್ನು ಆರಿಸುತ್ತಾರೆ. ಒಡೆತನವು ಇಷ್ಟು ಸ್ಪಷ್ಟವಾಗಿರುವಲ್ಲಿ ಲಾಂಛನ ಬದಲಿಸುವಾಗ ಊರವರ ಸಭೆ ಕರೆಯುವುದು, ಪ್ರಶ್ನಾವಳಿ ಹಂಚುವುದು, ಎರಡು ಮೂರು ಮಾದರಿಗಳನ್ನು ಮುಂದಿಟ್ಟು ಅಭಿಪ್ರಾಯ ಕೇಳುವುದು ಸಹಜವಾಗಿಯೇ ನಡೆಯುತ್ತದೆ. ಭಾರತದಲ್ಲಿ 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯದಿಂದ ಮೊದಲುಗೊಂಡ ಈ ಹೆಸರಿನ ಕಾಲೇಜುಗಳಿಗೆ ಕೌಶಲ ಶಿಕ್ಷಣದ ಭಾಗ ಬಂದಿತೇ ಹೊರತು ಆ ಒಡೆತನದ ಭಾಗ ಬರಲಿಲ್ಲ.

ಕೇಳದೆ ಮಾಡಿದರೆ ಆಗುವುದೇನು ಎಂಬುದಕ್ಕೂ ಅದೇ ಕ್ಯಾಲಿಫೋರ್ನಿಯಾದಲ್ಲಿ ನಿದರ್ಶನವಿದೆ. ಇದು ಕಮ್ಯುನಿಟಿ ಕಾಲೇಜಿನದಲ್ಲ, 1868ರಲ್ಲಿ ಸ್ಥಾಪಿತವಾದ ಅಲ್ಲಿನ ರಾಜ್ಯ ವಿಶ್ವವಿದ್ಯಾಲಯದ ಕಥೆ. ತೆರೆದ ಪುಸ್ತಕ, ಮೇಲೆ ನಕ್ಷತ್ರ, ಅದರಿಂದ ಹೊಮ್ಮುವ ಕಿರಣ, ಬೆಳಕಾಗಲಿ ಎಂಬರ್ಥದ ಧ್ಯೇಯವಾಕ್ಯ; ಇದು ಅದರ ಹಳೆಯ ಮುದ್ರೆ. 2012ರಲ್ಲಿ ಪ್ರಚಾರ ಕಾರ್ಯಕ್ಕೆಂದು ಆಡಳಿತದವರು ಎರಡಕ್ಷರಗಳನ್ನು ಕೂಡಿಸಿದ ಹೊಸ ಗುರುತೊಂದನ್ನು ಹೊರತಂದರು. ಅದರೊಳಗಿನ ಅಕ್ಷರವು ಗಣಕಯಂತ್ರದ ತೆರೆಯ ಮೇಲೆ ಕಾಯಿಸುತ್ತ ತಿರುಗುವ ವೃತ್ತದಂತಿದೆ ಎಂದು ವಿದ್ಯಾರ್ಥಿಗಳು ಹಾಸ್ಯ ಮಾಡಿದರು. ಹಳೆಯ ಮುದ್ರೆಯನ್ನು ನಾವು ತೆಗೆಯುತ್ತಿಲ್ಲ, ಪದವಿ ಪತ್ರದ ಮೇಲೆ ಅದೇ ಇರುತ್ತದೆ ಎಂದು ಆಡಳಿತದವರು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಐವತ್ತು ಸಾವಿರಕ್ಕೂ ಮಿಕ್ಕಿದ ಜನ ವಿರೋಧದ ಮನವಿಗೆ ಸಹಿ ಹಾಕಿದರು. ಡಿಸೆಂಬರ್ ತಿಂಗಳ ನಡುವಿನಲ್ಲಿ ಹೊಸ ಗುರುತನ್ನು ಹಿಂತೆಗೆದುಕೊಳ್ಳಲಾಯಿತು. ನಿಷ್ಪಕ್ಷಪಾತವಾಗಿ ನೋಡಿದರೆ ಆ ಚಿತ್ರ ಅಷ್ಟೇನೂ ಕೆಟ್ಟದ್ದಾಗಿರಲಿಲ್ಲ. ಜನರಿಗೆ ನೋವಾದದ್ದು ಚಿತ್ರದಿಂದಲ್ಲ. ತಮ್ಮ ಮನೆಯ ಬಾಗಿಲಿನ ತೋರಣವನ್ನು ತಮಗೆ ಹೇಳದೆ ಬದಲಿಸಿದಂತಾದುದರಿಂದ.

ನಮ್ಮ ದೇಶದಲ್ಲಿ ಜನರನ್ನು ಕೇಳುವುದೆಂದರೆ ಸಾಮಾನ್ಯವಾಗಿ ಸ್ಪರ್ಧೆ ಏರ್ಪಡಿಸುವುದೆಂದು ಅರ್ಥವಾಗಿದೆ. 2010ರ ಜುಲೈನಲ್ಲಿ ಸ್ವೀಕೃತವಾದ ರೂಪಾಯಿಯ ಚಿಹ್ನೆಯನ್ನು ಮುಕ್ತ ಸ್ಪರ್ಧೆಯಿಂದಲೇ ಆರಿಸಲಾಯಿತು. ಅದನ್ನು ರೂಪಿಸಿದವರು ತಮಿಳುನಾಡಿನ ಡಿ. ಉದಯಕುಮಾರ್. 2014ರಲ್ಲಿ ಸ್ವಚ್ಛ ಭಾರತ ಅಭಿಯಾನಕ್ಕೆ ಗಾಂಧೀಜಿಯವರ ಕನ್ನಡಕವನ್ನು ಲಾಂಛನವಾಗಿ ಬರೆದುಕೊಟ್ಟವರು ನಮ್ಮ ಗಡಿಯಾಚೆಯ ಕೊಲ್ಹಾಪುರದ ಅನಂತ ಖಾಸಬಾರದಾರ ಅವರು. ಸಂಕೇಶ್ವರದವರು ಸಂತೆಗೆ, ದವಾಖಾನೆಗೆ ಹೋಗಿಬರುವ ಊರಿನಲ್ಲಿ ಕುಳಿತ ಚಿತ್ರಕಾರನ ಗೆರೆ ದೇಶದ ಪ್ರತಿಯೊಂದು ಹಳ್ಳಿಯ ಶೌಚಾಲಯದ ಗೋಡೆಯನ್ನೂ ನೋಟಿನ ಬೆನ್ನನ್ನೂ ಮುಟ್ಟಿತು. ಕನ್ನಡಕವನ್ನು ಕಂಡೊಡನೆ ಗಾಂಧಿಯವರ ನೆನಪಾಗದವರು ಈ ದೇಶದಲ್ಲಿ ವಿರಳ. ಆದುದರಿಂದಲೇ ಅದು ಉಳಿಯಿತು. 2017ರ ಡಿಸೆಂಬರಿನಲ್ಲಿ ಬೆಂಗಳೂರು ಮಹಾನಗರಕ್ಕೂ ಸ್ಪರ್ಧೆಯ ಮೂಲಕ ಒಂದು ಲಾಂಛನ ಬಂದಿತು. ಕನ್ನಡ ಮತ್ತು ಇಂಗ್ಲೀಷ್ ಅಕ್ಷರಗಳನ್ನು ಬೆರೆಸಿ ಊರಿನ ಹೆಸರನ್ನೇ ಬರೆದು, ಕೆಲವು ಅಕ್ಷರಗಳಿಗೆ ಕೆಂಪು ಬಣ್ಣ ಕೊಟ್ಟು, ನೀವು ನೀವಾಗಿರಿ ಎಂಬ ಇಂಗ್ಲೀಷ್ ಅರ್ಥ ಹೊರಡುವಂತೆ ರಚಿಸಿದ ಚಮತ್ಕಾರವದು. ಬೆಂಗಳೂರಿಗೆ ಹೋಗಿಬಂದ ವಾಚಕರು ಅದನ್ನು ಎಲ್ಲಿ ಕಂಡೆವೆಂದು ಒಮ್ಮೆ ನೆನಪಿಸಿಕೊಳ್ಳಲಿ. ಕನ್ನಡಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ತಾನಾಗಿಯೇ ಹೊಳೆಯುತ್ತದೆ: ಒಂದನ್ನು ಬಿಡಿಸಿ ಹೇಳಬೇಕು, ಇನ್ನೊಂದನ್ನು ಹೇಳಬೇಕಾಗಿಲ್ಲ.

ಎಂದಮೇಲೆ ಸ್ಪರ್ಧೆಯೇ ಸಮಾಜದ ಅಭಿಪ್ರಾಯವಲ್ಲ. ಸ್ಪರ್ಧೆಯಲ್ಲಿ ಚಿತ್ರ ಬರೆಯಬಲ್ಲವರು ಮಾತ್ರ ಮಾತನಾಡುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ.

ನಾಡಧ್ವಜದ ಪ್ರಕರಣವು ಇದಕ್ಕಿಂತ ಹೆಚ್ಚು ಬೋಧಪ್ರದವಾಗಿದೆ. ಅರಿಶಿನ ಕುಂಕುಮದ ಬಣ್ಣಗಳ ಬಾವುಟವು 1960ರ ದಶಕದಲ್ಲಿ ಕನ್ನಡ ಹೋರಾಟಗಾರರಾದ ಮ. ರಾಮಮೂರ್ತಿಯವರ ಕಲ್ಪನೆಯಿಂದ ಮೂಡಿತು. ಅದನ್ನು ಯಾವ ವಿಧಾನಸಭೆಯೂ ಅಂಗೀಕರಿಸಿರಲಿಲ್ಲ. ಆದರೂ ಪ್ರತಿ ವರುಷ ನವೆಂಬರ್ ಒಂದನೆಯ ತಾರೀಖಿನಂದು ಬೆಳಗಾವಿಯ ಚನ್ನಮ್ಮ ವೃತ್ತದಲ್ಲಿ, ಸಂಕೇಶ್ವರ, ಹುಕ್ಕೇರಿಗಳ ರಿಕ್ಷಾ ನಿಲ್ದಾಣದಲ್ಲಿ, ಕಬ್ಬಿನ ಟ್ರ್ಯಾಕ್ಟರಿನ ಮೂತಿಯ ಮೇಲೆ ಅದು ಹಾರಾಡುತ್ತಲೇ ಬಂದಿದೆ. ಅದನ್ನು ಹೊಲಿಯಲು ಯಾರ ಅಪ್ಪಣೆಯೂ ಬೇಕಿಲ್ಲ. ಹಳದಿ ಮತ್ತು ಕೆಂಪು ಬಟ್ಟೆಯ ಎರಡು ತುಂಡುಗಳಿದ್ದರೆ ಊರ ದರ್ಜಿ ಐದು ನಿಮಿಷದಲ್ಲಿ ಸಿದ್ಧಪಡಿಸುತ್ತಾನೆ. 2017ರಲ್ಲಿ ರಾಜ್ಯ ಸರಕಾರವು ನಾಡಧ್ವಜಕ್ಕೆ ಅಧಿಕೃತ ರೂಪ ಕೊಡುವುದಕ್ಕಾಗಿ ಒಂಬತ್ತು ಜನ ಸದಸ್ಯರ ಸಮಿತಿಯನ್ನು ನೇಮಿಸಿತು. 2018ರ ಮಾರ್ಚ್ 8ರಂದು ಅಂದಿನ ಮುಖ್ಯಮಂತ್ರಿ ಸಿದ್ಧರಾಮಯ್ಯನವರು ಕನ್ನಡ ಸಂಘಟನೆಗಳ ಮುಖಂಡರನ್ನು ಕರೆದು ಹೊಸ ವಿನ್ಯಾಸವನ್ನು ಪ್ರದರ್ಶಿಸಿದರು. ಮೇಲೆ ಹಳದಿ, ಕೆಳಗೆ ಕೆಂಪು, ನಡುವೆ ಹೊಸದಾಗಿ ಬಿಳಿಯ ಪಟ್ಟಿ, ಅದರ ಮೇಲೆ ರಾಜ್ಯದ ಗಂಡಭೇರುಂಡ ಲಾಂಛನ. ಕೆಲವರು ಸ್ವಾಗತಿಸಿದರು. ಹಳೆಯ ಬಾವುಟವನ್ನು ಮುಟ್ಟಬಾರದಿತ್ತೆಂದು ಕೆಲವರು ಪ್ರತಿಭಟಿಸಿದರು.

ಇಲ್ಲಿ ಗಂಡಭೇರುಂಡಕ್ಕೆ ನ್ಯಾಯ ಸಲ್ಲಿಸಬೇಕು. ಅದನ್ನು ಬರಿಯ ಮೈಸೂರಿನ ಪಕ್ಷಿಯೆಂದು ತಳ್ಳಿಹಾಕುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯಲ್ಲಿ 1047ರ ಗಂಡಭೇರುಂಡ ಸ್ತಂಭವಿದೆ. ಅಲ್ಲಮನ ಹುಟ್ಟೂರೆಂದು ಪ್ರಸಿದ್ಧವಾದ ಊರೇ ಅದು. ವಿಜಯನಗರದ ಅಚ್ಯುತರಾಯನ ನಾಣ್ಯಗಳ ಮೇಲೂ ಆ ಪಕ್ಷಿಯುಂಟು. 1956ರಲ್ಲಿ ಏಕೀಕರಣವಾದ ಮೇಲೆ ಮುಂಬಯಿ ಕರ್ನಾಟಕದ ನಾವೂ ಅದನ್ನು ನಮ್ಮ ರಾಜ್ಯದ ಗುರುತೆಂದು ಒಪ್ಪಿ ಆರೂವರೆ ದಶಕಕ್ಕೂ ಹೆಚ್ಚು ಕಾಲ ಕಳೆದಿದೆ. ಅರಸರ ಗುರುತೂ ಬಳಕೆಯಿಂದ ಜನರದಾಗಬಲ್ಲದೆಂಬುದಕ್ಕೆ ಇದು ಸಾಕ್ಷಿ. ತೊಡಕು ಇರುವುದು ಬೇರೆಡೆ. ಬಿಳಿಯ ಪಟ್ಟಿಯೂ ಎರಡು ತಲೆಯ ಪಕ್ಷಿಯೂ ಬಂದ ಮೇಲೆ ಊರ ದರ್ಜಿಯು ಬಾವುಟವನ್ನು ಹೊಲಿಯಲಾರ. ಅದನ್ನು ಅಚ್ಚು ಹಾಕಿಸಿ ತರಬೇಕಾಗುತ್ತದೆ. ಸಮಿತಿಯವರು ಮುಖಂಡರನ್ನು ಕೇಳಿದ್ದರು. ದರ್ಜಿಯನ್ನು ಕೇಳಿದ್ದರೆ ಈ ಸಂಗತಿ ಮೊದಲ ದಿನವೇ ಹೊರಬೀಳುತ್ತಿತ್ತು. ರಾಜ್ಯೋತ್ಸವದ ಮೆರವಣಿಗೆಗಳಲ್ಲಿ ಇಂದಿಗೂ ಹಾರುವುದು ಎರಡು ಬಣ್ಣದ ಆ ಬಾವುಟವೇ.

ಇಷ್ಟನ್ನು ನೋಡಿದ ಮೇಲೆ ನಮ್ಮ ಸಂಸ್ಥೆಗಳ ಮಾತಿಗೆ ಬರಬಹುದು. ನಿಡಸೋಸಿಯ ಶ್ರೀ ದುರದುಂಡೀಶ್ವರ ಮಠದ ಸುತ್ತಮುತ್ತ, ಘಟಪ್ರಭಾ ಹಿರಣ್ಯಕೇಶಿಗಳ ಈ ದಂಡೆಗಳಲ್ಲಿ, ಮಠಗಳೂ ಸಹಕಾರಿ ಸಂಘಗಳೂ ಊರ ಹಿರಿಯರೂ ಕೂಡಿ ಎಬ್ಬಿಸಿದ ಶಾಲೆ ಕಾಲೇಜುಗಳು ಅನೇಕ. ಇವುಗಳಿಗೆ ಅಮೇರಿಕದಂತೆ ತೆರಿಗೆಯ ಹಣವಿರಲಿಲ್ಲ. ಸುಗ್ಗಿಯ ರಾಶಿಯಲ್ಲಿ ಒಂದು ಪಾಲು, ಕಬ್ಬಿನ ಬಿಲ್ಲಿನಲ್ಲಿ ಒಂದಿಷ್ಟು, ಜಾತ್ರೆಯ ಕಾಣಿಕೆ, ಒಬ್ಬರ ಭೂದಾನ, ಇನ್ನೊಬ್ಬರ ಬಂಡಿಯ ಕಲ್ಲು, ಬೇರೊಬ್ಬರ ಮೈಮುರಿದ ದುಡಿತ. ನಮ್ಮ ಕಡೆಯ ಇಂಥ ಸಂಸ್ಥೆಗಳ ಗೋಡೆ ಏಳುವುದು ಈ ರೀತಿಯಲ್ಲಿಯೇ. ದಾಸೋಹದ ಭಾವನೆಯಿಂದ ಕೊಟ್ಟವರು ಮಾಲಕಿಯನ್ನು ಕೇಳುವುದಿಲ್ಲ. ಅವರು ಕೇಳುವುದಿಲ್ಲವೆಂದೇ ಆಡಳಿತ ಮಂಡಳಿಯವರು ತಾವಾಗಿ ಅವರನ್ನು ಕೇಳಬೇಕಾಗುತ್ತದೆ.

ಏನನ್ನು ಕೇಳಬೇಕು ಎಂಬುದು ಮುಖ್ಯ. ಈ ಮೂರು ಚಿತ್ರಗಳಲ್ಲಿ ಯಾವುದು ಚೆಂದ ಎಂಬ ಪ್ರಶ್ನೆ ಕೊನೆಯದಾಗಿರಲಿ. ಮೊದಲ ಪ್ರಶ್ನೆ ಹಳೆಯ ಲಾಂಛನವನ್ನು ಕುರಿತು: ಇದರಲ್ಲಿ ನಿಮಗೆ ಕಾಣುವುದೇನು? ಈ ಪ್ರಶ್ನೆಯನ್ನು ಪ್ರಾಚಾರ್ಯರಿಗೆ ಕೇಳಿದಂತೆಯೇ ಗಂಟೆ ಬಾರಿಸುವ ಸಿಪಾಯಿಗೂ, ಹಳೆಯ ವಿದ್ಯಾರ್ಥಿಗಳಿಗೂ, ಮಗಳ ಗುರುತಿನ ಚೀಟಿಯನ್ನು ದಿನವೂ ನೋಡುವ ತಾಯಿಗೂ ಕೇಳತಕ್ಕದ್ದು. ಉತ್ತರಗಳು ವಿಚಿತ್ರವಾಗಿರುತ್ತವೆ. ಚಿತ್ರಕಾರನು ಜ್ಞಾನಜ್ಯೋತಿಯೆಂದು ಬರೆದದ್ದು ಹುಡುಗರಿಗೆ ಮೆಣಸಿನಕಾಯಿಯಾಗಿ ಕಂಡಿರಬಹುದು. ಯಾರೂ ಗಮನಿಸದ ಮೂಲೆಯ ಬಿಲ್ವದ ಎಲೆಯು ಇಡೀ ಊರಿಗೆ ಪ್ರಿಯವಾಗಿರಬಹುದು. ತೆಗೆಯಬಾರದ್ದು ಯಾವುದೆಂದು ತಿಳಿದ ಮೇಲೆ ಉಳಿದುದನ್ನು ತೆಗೆಯಲು ಭಯವಿರುವುದಿಲ್ಲ.

ಹತ್ತು ಜನ ಕೂಡಿದರೆ ಲಾಂಛನವು ಜಾತ್ರೆಯ ಅಂಗಡಿಯಾಗುತ್ತದೆಂಬ ಆಕ್ಷೇಪವೂ ಇದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ನಮ್ಮ ಎಷ್ಟೋ ಸಂಸ್ಥೆಗಳ ವೃತ್ತದೊಳಗೆ ಪುಸ್ತಕ, ದೀಪ, ಕಮಲ, ಉದಯಿಸುವ ಸೂರ್ಯ, ಯಂತ್ರದ ಹಲ್ಲುಗಾಲಿ, ಮಠದ ಗೋಪುರ, ಸಂಸ್ಥಾಪಕರ ಭಾವಚಿತ್ರ, ಸುತ್ತಲೂ ಎರಡು ಭಾಷೆಯ ಅಕ್ಷರ ಇವೆಲ್ಲ ಸೇರಿ ಉಸಿರಾಡಲು ಎಡೆಯಿಲ್ಲದಂತಾಗಿದೆ. ಪ್ರತಿಯೊಬ್ಬ ನಿರ್ದೇಶಕರೂ ಒಂದೊಂದನ್ನು ಸೇರಿಸಿದ್ದರ ಫಲವದು. ಅರ್ಥವನ್ನು ನಿರ್ಣಯಿಸುವವರು ಅನೇಕರಿರಲಿ, ಗೆರೆ ಎಳೆಯುವ ಕೈ ಮಾತ್ರ ಒಂದೇ ಇರಲಿ. ಆ ಕೈ ಎಳೆದುದನ್ನು ಪರೀಕ್ಷಿಸಲು ದೊಡ್ಡ ಬ್ಯಾನರು ಬೇಕಿಲ್ಲ. ರಬ್ಬರಿನ ಮೊಹರು ಮಾಡಿಸಿ, ಒಣಗಿದ ಶಾಯಿಯಿಂದ ವರ್ಗಾವಣೆ ಪತ್ರದ ಮೇಲೆ ಒತ್ತಿ ನೋಡಿದರೆ ಸಾಕು. ಅಲ್ಲಿ ಮಸಿಯ ಮುದ್ದೆಯಾಗುವ ಚಿತ್ರವು ಮೊಬೈಲಿನ ತೆರೆಯ ಮೇಲೂ ಮುದ್ದೆಯೇ.

ಕಾನೂನಿನ ಎರಡು ಮಾತುಗಳನ್ನೂ ಮರೆಯಬಾರದು. ಅಶೋಕಸ್ತಂಭದ ಸಿಂಹಗಳನ್ನು ಖಾಸಗಿ ಸಂಸ್ಥೆಗಳು ತಮ್ಮ ಲಾಂಛನದಲ್ಲಿ ಸೇರಿಸುವಂತಿಲ್ಲ. 1950ರ ಮತ್ತು 2005ರ ಕಾಯದೆಗಳು ಅದನ್ನು ನಿಷೇಧಿಸುತ್ತವೆ. ಇನ್ನು ಹೊಸ ಲಾಂಛನವನ್ನು 1999ರ ವ್ಯಾಪಾರ ಚಿಹ್ನೆಗಳ ಕಾಯದೆಯ ಪ್ರಕಾರ ನೋಂದಾಯಿಸಬಹುದು. ಅದು ಹತ್ತು ವರುಷ ಊರ್ಜಿತವಿದ್ದು, ಮತ್ತೆ ನವ್ಯವಾಗುತ್ತದೆ. ನೋಂದಣಿಗೆ ಮುನ್ನ ಚಿತ್ರಕಾರನಿಂದ ಹಕ್ಕನ್ನು ಬರೆಯಿಸಿಕೊಳ್ಳುವುದು ಒಳಿತು. ಉಚಿತವಾಗಿ ಬರೆದುಕೊಟ್ಟ ಊರ ಹುಡುಗನಿಂದಲೂ ಬರೆಯಿಸಿಕೊಳ್ಳಬೇಕು, ಅವನ ಹೆಸರನ್ನೂ ದಾಖಲಿಸಬೇಕು.

ಕನ್ನಡದ ಅಕ್ಷರಗಳ ಬಗ್ಗೆ ನನಗೊಂದು ಹಟವಿದೆ, ವಾಚಕರು ಕ್ಷಮಿಸಬೇಕು. ಮೊಮ್ಮಕ್ಕಳ ಕಾಲಕ್ಕೆಂದು ಲಾಂಛನವನ್ನು ಹೊಸದಾಗಿಸುವಾಗ ಮೊದಲು ಕಾಣೆಯಾಗುವುದು ಸುತ್ತಲಿನ ಕನ್ನಡ ಹೆಸರು. ಮೂರು ಇಂಗ್ಲೀಷ್ ಅಕ್ಷರಗಳು ಉಳಿಯುತ್ತವೆ. ಅವು ಯಾವುದರ ಮೊದಲಕ್ಷರಗಳೆಂದು ಹತ್ತು ವರುಷದ ಮೇಲೆ ಅಲ್ಲಿಯ ವಿದ್ಯಾರ್ಥಿಯೇ ಹೇಳಲಾರ. ದಾನಿಯ ಹೆಸರೋ ಗುರುವಿನ ಹೆಸರೋ ಆ ಅಕ್ಷರಗಳಡಿ ಹೂತುಹೋಗುತ್ತದೆ. ಜಿ. ಎ. ಹೈಸ್ಕೂಲಿನಲ್ಲಿ ಹೆಸರು ಉಳಿದದ್ದು ಅದರ ಪೂರ್ಣರೂಪ ಕಲ್ಲಿನಲ್ಲಿಯೂ ಜನರ ನೆನಪಿನಲ್ಲಿಯೂ ಇದ್ದುದರಿಂದ.

ಆದುದರಿಂದ ಹೊಸ ಲಾಂಛನವನ್ನು ಒಪ್ಪಿದ ದಿನ ಠರಾವಿನ ಪುಸ್ತಕದಲ್ಲಿ ಬರಿ ಸರ್ವಾನುಮತದಿಂದ ಮಂಜೂರು ಎಂದಷ್ಟೇ ಬರೆಯಬಾರದು. ಯಾರನ್ನು ಕೇಳಲಾಯಿತು, ಅವರು ಏನೆಂದರು, ಹಳೆಯದರಲ್ಲಿ ಯಾವುದನ್ನು ಏಕೆ ಉಳಿಸಲಾಯಿತು, ಯಾವುದನ್ನು ಏಕೆ ಬಿಡಲಾಯಿತು ಎಂಬುದೆಲ್ಲ ಅಲ್ಲಿರಲಿ. ದಾನಶಾಸನಗಳಲ್ಲಿ ಊರ ಗಾವುಂಡರ, ಮಹಾಜನರ, ಸೆಟ್ಟಿಗಳ ಹೆಸರುಗಳನ್ನು ಸಾಕ್ಷಿಯಾಗಿ ಕೊರೆಯಿಸುತ್ತಿದ್ದ ಪದ್ಧತಿ ನಮ್ಮದೇ ಆಗಿದೆ. ಹಳೆಯ ಲಾಂಛನವುಳ್ಳ ಮಹಾದ್ವಾರದ ಕಮಾನನ್ನು ಒಡೆಯುವ ಅವಸರವೂ ಬೇಡ. ಅದರ ಕೆಳಗೆ ಅದು ಇಂಥ ವರುಷದಿಂದ ಇಂಥ ವರುಷದವರೆಗೆ ಬಳಕೆಯಲ್ಲಿತ್ತೆಂದು ಒಂದು ಸಣ್ಣ ಕಲ್ಲು ಕೂರಿಸಿದರೆ ಸಾಕಾಗುತ್ತದೆ.